ಹೂವಿನ ಪ್ರದರ್ಶನವೂ ನೀರೆರೆದ ಕೈಯೂ



ಬೆಂಗಳೂರಿನ ಲಾಲ್‌ಬಾಗಿನಲ್ಲಿ ವರ್ಷಕ್ಕೆ ಎರಡಾವರ್ತಿ, ಅಂದರೆ ಜನವರಿ 26ರ ಗಣರಾಜ್ಯೋತ್ಸವದ ವೇಳೆಯಲ್ಲಿಯೂ ಆಗಸ್ಟ್ 15ರ ಸ್ವಾತಂತ್ರ್ಯದಿನದ ವೇಳೆಯಲ್ಲಿಯೂ, ಫಲಪುಷ್ಪ ಪ್ರದರ್ಶನವು ನಡೆಯುವದೆಂದು ನೀವು ಕೇಳಿರುವಿರಿ. ನಮ್ಮ ಸಭೆಯ ಕೆಲವರೊಡನೆ ನಾನೂ ಅದನ್ನು ನೋಡಿಬಂದೆನು.

ಆ ತೋಟವನ್ನು 1760ರಲ್ಲಿ ಹೈದರಾಲಿಯು ಆರಂಭಿಸಿದನು. ಅವನ ಮಗನಾದ ಟಿಪ್ಪುವು ದೂರದೇಶಗಳಿಂದ ಗಿಡಗಳನ್ನು ತರಿಸಿ ಅದನ್ನು ಬೆಳೆಯಿಸಿದನು. ಈಗ ಅದು ಸುಮಾರು 240 ಎಕರೆಗಳಷ್ಟು ವಿಸ್ತಾರವಾಗಿದೆ. ಅಲ್ಲಿ 1889ರಲ್ಲಿ ಅಸ್ತಿವಾರ ಹಾಕಲ್ಪಟ್ಟ ಗಾಜಿನ ಮನೆಯುಂಟು. ಅದರೊಳಗೆ ಕೊಯ್ದ ಹೂಗಳನ್ನು ಚುಚ್ಚಿ ಮಾಡಿದ ದೊಡ್ಡ ಆಕೃತಿಗಳು. ಸುತ್ತಲೂ ಕುಂಡಗಳಲ್ಲಿ ಚೆಂಡುಹೂ, ಸೇವಂತಿಗೆ, ಡೇಲಿಯ. ಜನಸಂದಣಿಯಲ್ಲಿ ನಿಲ್ಲುವದಕ್ಕೂ ಎಡೆಯಿಲ್ಲ. "ಆಹಾ" ಅನ್ನುವದು, ಮುಂದೆ ಸಾಗುವದು, ಇಷ್ಟೇ.

ಹೊರಗೆ ಕುಂಡಗಳಿಗೆ ನೀರು ಹಾಕುತ್ತಿದ್ದ ವೃದ್ಧ ಮಾಲಿಯೊಬ್ಬನನ್ನು ಕಂಡು, "ಅಜ್ಜಾ, ಇಷ್ಟು ಗಿಡಗಳು ಒಂದೇ ವಾರದಲ್ಲಿ ಅರಳಿದ್ದು ಹೇಗೆ?" ಎಂದು ಕೇಳಿದೆನು.

ಅವನು ನಕ್ಕು, "ಸ್ವಾಮೀ, ಒಂದೇ ವಾರದಲ್ಲಿ ಅರಳಬೇಕಾದರೆ ತಿಂಗಳುಗಟ್ಟಲೆ ಮುಂಚೆ ದಿನ ಎಣಿಸಿ ಬಿತ್ತಬೇಕು. ಸಸಿಯನ್ನು ಕಿತ್ತು ನೆಡಬೇಕು. ಕುಡಿ ಚಿವುಟಬೇಕು, ಚಿವುಟಿದರೇ ಕವಲೊಡೆದು ಹೂ ಹೆಚ್ಚುವದು. ಒಳಗಿರುವವು ಕೊಯ್ದ ಹೂಗಳು, ಬಾಡಿದರೆ ಬದಲಿಸಬೇಕು. ಇವಕ್ಕೆ ಬೇರುಂಟು, ನೀರೆರೆದರೆ ನಾಳೆಯೂ ಇರುವವು" ಅಂದನು.

"ನಿನಗೆ ಬಹುಮಾನ ಬಂತೋ?" ಅಂದೆನು.

"ಗಿಡಕ್ಕೆ ಬಂದರೆ ಸಾಕು, ಸ್ವಾಮೀ" ಅಂದನು.

ಜರ್ಮನಿ ದೇಶದ ಕ್ರುಂಬಿಗೆಲರು 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದು ಲಾಲ್‌ಬಾಗನ್ನು ತಿದ್ದಿ ಬೆಳೆಸಿದರು. ಒಂದು ಜಾತಿಯ ಮರದ ಹೂ ಉದುರುವಾಗ ಇನ್ನೊಂದು ಅರಳುವಂತೆ ಆರಿಸಿ, ಬೆಂಗಳೂರಿನ ಬೀದಿಗಳಲ್ಲಿ ಮರಗಳನ್ನು ನೆಡಿಸಿದರು. 1956ರಲ್ಲಿ ಅವರು ತೀರಿಕೊಂಡರು. ಇಂದು ಆ ಬೀದಿಗಳಲ್ಲಿ ನಡೆಯುವವರಲ್ಲಿ ಎಷ್ಟು ಮಂದಿ ಅವರನ್ನು ನೆನಸುವರು?

ಆ ಮಾಲಿಯ ಮಾತು ನನ್ನ ಮನಸ್ಸಾಕ್ಷಿಯನ್ನು ಚುಚ್ಚಿತು. ಯಾಕಂದರೆ ಹಿಂದಿನ ಸುಗ್ಗಿಯ ಹಬ್ಬದಲ್ಲಿ ಬಾಳೆಗೊನೆಗಳನ್ನೂ ಹೂವಿನ ಹಾರಗಳನ್ನೂ ತಂದವರ ಹೆಸರುಗಳನ್ನು ನಾನು ಸಭೆಯ ಮುಂದೆ ಓದಿ ಕೊಂಡಾಡಿದ್ದೆನು. ದೇವಾಲಯವನ್ನು ವಾರವಾರವೂ ಗುಡಿಸಿ, ಬಾವಿಯಿಂದ ನೀರು ಹೊತ್ತು ತಂದಿಡುತ್ತಿದ್ದ ಮುದಿ ವಿಧವೆಯ ಹೆಸರನ್ನು ಓದಲಿಲ್ಲ. ಮುಂದಿನ ಭಾನುವಾರದಿಂದ ಆಕೆ ಬರಲಿಲ್ಲ. ಯಾಕೆಂದು ನಾನು ಕೇಳಲೂ ಇಲ್ಲ.

ಊರಿಗೆ ಬಂದ ಸಾಯಂಕಾಲವೇ ಆಕೆಯ ಗುಡಿಸಲಿಗೆ ಹೋಗಿ, "ಅವ್ವಾ, ನನ್ನಿಂದ ತಪ್ಪಾಯಿತು" ಎಂದೆನು. ಆಕೆ ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ, "ಹೆಸರಿಗೋಸ್ಕರ ನಾನು ಗುಡಿಸಲಿಲ್ಲ, ಉಪದೇಶಿಯವರೇ. ಆದರೆ ನಾನು ಬಾರದೆಹೋದದ್ದು ಒಬ್ಬರಿಗೂ ತಿಳಿಯಲಿಲ್ಲವಲ್ಲಾ" ಅಂದಳು. ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಪ್ರಿಯರೇ, ಕೊರಿಂಥದ ಸಭೆಯವರು ಪೌಲನ ಪಕ್ಷ, ಅಪೊಲ್ಲೋಸನ ಪಕ್ಷ ಎಂದು ಜಗಳವಾಡಿದಾಗ, ಅಪೊಸ್ತಲನು ಅವರ ಕಣ್ಣುಗಳನ್ನು ಬೆಳೆಯಿಸುವ ದೇವರ ಕಡೆಗೆ ತಿರುಗಿಸಿದನು. ಮನುಷ್ಯರು ಅರಳಿದ ಹೂವನ್ನು ನೋಡುವರು. ದೇವರು ಬೇರನ್ನೂ ಅದಕ್ಕೆ ನೀರೆರೆದ ಕೈಯನ್ನೂ ನೋಡುವನು. ನಿಮ್ಮ ಸಭೆಯಲ್ಲಿ ಅಂಥ ಕೈ ಯಾರದು? ಈ ಭಾನುವಾರ ಅವರು ಬಂದಿರುವರೋ ಎಂದು ಎದ್ದು ನೋಡಿರಿ. ಬಾರದಿದ್ದರೆ ಅವರ ಮನೆಗೆ ಹೋಗಿರಿ.

ನಮ್ಮ ದೇವಾಲಯದ ಕೊಡವು ಈ ವಾರ ತುಂಬಿತ್ತು. ಆಮೆನ್.