‘ಹೊಂದಿಕೊಂಡು ಹೋಗು’ ಎಂಬ ಬುದ್ಧಿಮಾತು

ಕಾಲೇಜಿನ ಓದು ಮುಗಿಸಿ ಮೊದಲ ಉದ್ಯೋಗಕ್ಕೆ ಹೊರಡುವ ಮಗನಿಗೋ ಮಗಳಿಗೋ ನಮ್ಮ ಮನೆಗಳಲ್ಲಿ ಹೇಳಿ ಕಳುಹಿಸುವ ಬುದ್ಧಿಮಾತು ಹೆಚ್ಚುಕಡಿಮೆ ಒಂದೇ: ‘ಎಲ್ಲರೊಂದಿಗೂ ಹೊಂದಿಕೊಂಡು ಹೋಗು.’ ಬಸ್ ನಿಲ್ದಾಣದಲ್ಲಿ ತಾಯಿ ಹೇಳುವುದು ಇದನ್ನೇ. ವಾರಕ್ಕೊಮ್ಮೆ ದೂರವಾಣಿಯಲ್ಲಿ ತಂದೆ ನೆನಪಿಸುವುದೂ ಇದನ್ನೇ. ಕೆಲಸದ ಸ್ಥಳದಲ್ಲಿ ಹಿರಿಯ ಸಹೋದ್ಯೋಗಿಯ ಬಾಯಿಂದಲೂ ಮೊದಲ ತಿಂಗಳಲ್ಲೇ ಇದೇ ಮಾತು ಕೇಳಿಬರುತ್ತದೆ. ಮಾತು ಒಂದೇ ಆದರೂ ಹೇಳುವವರ ಮನದಲ್ಲಿರುವ ಅರ್ಥ ಒಂದೇ ಆಗಿರಬೇಕೆಂದಿಲ್ಲ. ಹೊಂದಿಕೊಳ್ಳುವುದು ಯಾವುದಕ್ಕೆ, ಎಲ್ಲಿಯವರೆಗೆ? ಇದನ್ನು ನಾವು ಮಕ್ಕಳೊಂದಿಗೆ ಕುಳಿತು ಚರ್ಚಿಸುವುದು ಅಪರೂಪ.

ಹೊಂದಿಕೊಳ್ಳಲೇಬೇಕಾದ ಸಂಗತಿಗಳು ಅನೇಕವಿವೆ. ಹೇಳಿದ ಸಮಯಕ್ಕೆ ಹಾಜರಾಗುವುದು, ತಿಳಿಯದಿದ್ದುದನ್ನು ಸಂಕೋಚವಿಲ್ಲದೆ ಕೇಳುವುದು, ತಿದ್ದಿದಾಗ ಮುಖ ಸಿಂಡರಿಸದಿರುವುದು, ಬೇಸರ ತರುವ ಕೆಲಸವನ್ನೂ ಅಚ್ಚುಕಟ್ಟಾಗಿ ಮುಗಿಸುವುದು ಇವೆಲ್ಲವೂ ಅದರಲ್ಲಿ ಸೇರಿವೆ. ಉನ್ನತ ಶ್ರೇಣಿಯಲ್ಲಿ ತೇರ್ಗಡೆಯಾದವನು, ಕಾಲೇಜಿನ ಮೆಟ್ಟಿಲು ಹತ್ತದೆಯೇ ಮೂವತ್ತು ವರ್ಷ ದುಡಿದ ಗುಮಾಸ್ತರೊಬ್ಬರ ಪಕ್ಕದಲ್ಲಿ ಕುಳಿತು ಕಡತ ಓದುವುದನ್ನು ಕಲಿಯಬೇಕಾಗುತ್ತದೆ. ಇದರಲ್ಲಿ ಅವಮಾನವೇನೂ ಇಲ್ಲ. ಪರೀಕ್ಷೆಯಲ್ಲಿ ತಪ್ಪು ಬರೆದಾಗ ಕಳೆದುಹೋಗುತ್ತಿದ್ದುದು ತನ್ನ ಅಂಕ ಮಾತ್ರ. ಈಗ ತಾನು ಬರೆದುದನ್ನು ನಂಬಿ ಮತ್ತೊಬ್ಬರು ನಡೆಯುತ್ತಾರೆ. ವಿದ್ಯಾರ್ಥಿ ಜೀವನಕ್ಕೂ ವೃತ್ತಿ ಜೀವನಕ್ಕೂ ಇರುವ ಮುಖ್ಯ ವ್ಯತ್ಯಾಸ ಇದೇ.

ನಮ್ಮ ಕರಾವಳಿಯ ಒಂದು ನಿದರ್ಶನವನ್ನು ಗಮನಿಸೋಣ. ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಉಡುಪಿಯ ಸಂಸ್ಥೆಯು 1928ರಲ್ಲಿ ಪಿಗ್ಮಿ ಠೇವಣಿ ಯೋಜನೆಯನ್ನು ಆರಂಭಿಸಿತು. ದಿನಕ್ಕೆ ಎರಡಾಣೆ ಉಳಿಸಬಲ್ಲವರ ಬಾಗಿಲಿಗೆ ಬ್ಯಾಂಕಿನ ಪ್ರತಿನಿಧಿಯೇ ಹೋಗಿ ಹಣ ಪಡೆದು ಲೆಕ್ಕ ಬರೆದುಕೊಳ್ಳುತ್ತಿದ್ದ. ಮೀನು ಮಾರುವ ಹೆಂಗಸಿಗಾಗಲಿ ಚಿಕ್ಕ ಅಂಗಡಿಯವನಿಗಾಗಲಿ ಬ್ಯಾಂಕು ಎಂದರೆ ಆ ವ್ಯಕ್ತಿಯೇ. ಓದು ಬಾರದವರಿಗೆ ಅವನು ಬರೆದ ಅಂಕಿಯೇ ಆಧಾರ. ಕೆಲಸ ಚಿಕ್ಕದು, ಮೊತ್ತವೂ ಚಿಕ್ಕದು. ಆದರೆ ಆ ಅಂಕಿ ನಿಜವಾಗಿರದಿದ್ದರೆ ಇಡೀ ಯೋಜನೆಯೇ ನಿಲ್ಲುತ್ತಿರಲಿಲ್ಲ.

ಇನ್ನು ಎರಡನೆಯ ಬಗೆಯ ಹೊಂದಾಣಿಕೆಯನ್ನು ನೋಡೋಣ. ಆಸ್ಪತ್ರೆಯ ರಾತ್ರಿ ಪಾಳಿಯಲ್ಲಿ ಹೊಸದಾಗಿ ಸೇರಿದ ದಾದಿಯೊಬ್ಬಳಿದ್ದಾಳೆ ಎಂದುಕೊಳ್ಳಿ. ನಾಲ್ಕು ಗಂಟೆಗೊಮ್ಮೆ ರೋಗಿಗಳ ಜ್ವರ, ರಕ್ತದೊತ್ತಡ ನೋಡಿ ಚಾರ್ಟಿನಲ್ಲಿ ಬರೆಯಬೇಕು. ರೋಗಿಗಳು ಹೆಚ್ಚು, ದಾದಿಯರು ಕಡಿಮೆ. ‘ಹಿಂದಿನ ಸಲದ್ದನ್ನೇ ಬರೆದುಬಿಡು, ಇಲ್ಲಿ ಎಲ್ಲರೂ ಹಾಗೆಯೇ ಮಾಡುವುದು’ ಎಂದು ಪಕ್ಕದವಳು ಹೇಳುತ್ತಾಳೆ. ತಂತ್ರಾಂಶ ಪರೀಕ್ಷಿಸುವ ಹುಡುಗನಿಗೆ, ಪರೀಕ್ಷೆ ನಡೆಸದೆಯೇ ‘ಸರಿಯಾಗಿದೆ’ ಎಂದು ಗುರುತು ಹಾಕುವ ಸೂಚನೆ ಬರುತ್ತದೆ. ಬ್ಯಾಂಕಿಗೆ ಠೇವಣಿ ಇಡಲು ಬಂದ ವೃದ್ಧರಿಗೆ, ಅದೇನೆಂದು ಬಿಡಿಸಿ ಹೇಳದೆ ವಿಮೆಯ ಪಾಲಿಸಿ ಮಾರುವಂತೆ ಹೊಸಬನ ಮೇಲೆ ಗುರಿಯ ಒತ್ತಡ ಬೀಳುತ್ತದೆ. ಇವರಲ್ಲಿ ಯಾರೂ ಕೆಟ್ಟವರಲ್ಲ. ಆದರೆ ಸಮಯಪಾಲನೆ ಕಲಿಸಿದ ಹಿರಿಯರೇ, ಅದೇ ಮೃದು ಸ್ವರದಲ್ಲಿ, ಇದನ್ನೂ ಕಲಿಸುತ್ತಾರೆ. ಹೊಸಬರಿಗೆ ತೊಡಕಾಗುವುದು ಇಲ್ಲಿಯೇ.

ಹಾಗಾದರೆ ಎರಡನ್ನೂ ಬೇರ್ಪಡಿಸುವುದು ಹೇಗೆ? ಒಂದು ಸರಳ ಪ್ರಶ್ನೆ ನೆರವಾಗಬಲ್ಲದು: ನಾನು ಬರೆಯುವ ಈ ಮಾತನ್ನು ನಂಬಿ ನಡೆಯುವವರು ಯಾರು? ನನ್ನ ಅಹಂಕಾರಕ್ಕೆ ಪೆಟ್ಟು ಬೀಳುವುದಷ್ಟೇ ಆದರೆ ಹೊಂದಿಕೊಳ್ಳುವುದೇ ಲೇಸು. ನನ್ನನ್ನು ನಂಬಿದವರಿಗೆ ಪೆಟ್ಟು ಬೀಳುವುದಾದರೆ ಅದಕ್ಕೆ ಹೊಂದಾಣಿಕೆ ಎಂಬ ಹೆಸರು ಸಲ್ಲದು.

ಚಿಕ್ಕ ಸುಳ್ಳಿನಿಂದ ಏನಾದೀತು ಎನ್ನುವವರು 2009ರ ಜನವರಿ 7ನ್ನು ನೆನೆಯಬಹುದು. ಅಂದು ಹೈದರಾಬಾದಿನ ಸತ್ಯಂ ಕಂಪ್ಯೂಟರ್ಸ್ ಸಂಸ್ಥೆಯ ಅಧ್ಯಕ್ಷ ರಾಮಲಿಂಗ ರಾಜು ಅವರು, ಲೆಕ್ಕಪತ್ರದಲ್ಲಿ ತೋರಿಸಿದ್ದ 5,040 ಕೋಟಿ ರೂಪಾಯಿ ವಾಸ್ತವವಾಗಿ ಇಲ್ಲವೇ ಇಲ್ಲವೆಂದು ಪತ್ರ ಬರೆದು ಒಪ್ಪಿಕೊಂಡರು. ನಿಜವಾದ ಲಾಭಕ್ಕೂ ತೋರಿಸಿದ ಲಾಭಕ್ಕೂ ಇದ್ದ ಅಂತರ ಮೊದಲಿಗೆ ಅತ್ಯಲ್ಪವಾಗಿತ್ತು, ವರುಷಗಳು ಕಳೆದಂತೆ ಅದು ಹಿಡಿತ ಮೀರಿ ಬೆಳೆಯಿತು ಎಂಬುದು ಅದೇ ಪತ್ರದಲ್ಲಿದ್ದ ವಿವರಣೆ. ಆ ಲೆಕ್ಕದ ಅರಿವೇ ಇಲ್ಲದೆ ನಿಷ್ಠೆಯಿಂದ ದುಡಿಯುತ್ತಿದ್ದ ಸಾವಿರಾರು ಯುವಜನರ ಭವಿಷ್ಯ ಒಂದೇ ದಿನದಲ್ಲಿ ಅನಿಶ್ಚಿತವಾಯಿತು.

ಆದರೂ ಇನ್ನೊಂದು ಬದಿಯ ಮಾತನ್ನು ನಾವು ಕೇಳಲೇಬೇಕು. ವಿದ್ಯಾಭ್ಯಾಸಕ್ಕೆಂದು ತಂದ ಸಾಲದ ಕಂತು ಕಟ್ಟಬೇಕು. ತಂಗಿಯ ಓದು ಇನ್ನೂ ಮುಗಿದಿಲ್ಲ. ಊರಿನ ಮನೆಯ ಮಾಡು ಸೋರುತ್ತಿದೆ. ಇಂಥ ಮನೆಯಿಂದ ಬಂದವರಿಗೆ ‘ಕೆಲಸ ಬಿಟ್ಟುಬಿಡು’ ಎನ್ನುವುದು ದೂರ ಕುಳಿತವರಿಗೆ ಸುಲಭ. ಸಂಸ್ಥೆಯ ಸಕಲ ದೋಷಗಳ ಹೊಣೆಯನ್ನು ನಿನ್ನೆ ಸೇರಿದವರ ಹೆಗಲಿಗೆ ಹೊರಿಸುವುದು ನ್ಯಾಯವೂ ಅಲ್ಲ. ಅವರ ಹೊಣೆ ಮೊದಲಿಗೆ ತಮ್ಮ ಕೈಬರಹಕ್ಕೆ, ತಮ್ಮ ಸಹಿಗೆ ಸೀಮಿತ. ಅಷ್ಟನ್ನು ಕಾಪಾಡಿಕೊಳ್ಳಲು ಜಗಳವಾಗಲಿ ಉಪದೇಶವಾಗಲಿ ಬೇಕಿಲ್ಲ. ‘ಸಿಸ್ಟರ್, ಆರನೇ ಬೆಡ್ಡಿನವರ ಬಿ.ಪಿ. ನೋಡಲು ಆಗಲಿಲ್ಲ, ಈಗ ನೋಡಿ ಬರೆಯಲೇ?’ ಎಂದು ವಿನಯದಿಂದ ಕೇಳಿದರೆ ಎಷ್ಟೋ ಸಲ ದಾರಿ ತೆರೆದುಕೊಳ್ಳುತ್ತದೆ. ತೆರೆದುಕೊಳ್ಳದಿದ್ದಾಗ, ಬರೆಯದೆ ಬಿಟ್ಟ ಖಾಲಿ ಜಾಗಕ್ಕೆ ಬೈಸಿಕೊಳ್ಳುವುದು ಸುಳ್ಳು ಅಂಕಿಗಿಂತ ಮೇಲು. ಏಕೆಂದರೆ ಖಾಲಿ ಜಾಗವನ್ನು ಕಂಡ ವೈದ್ಯರು ಮತ್ತೊಮ್ಮೆ ನೋಡಲು ಹೇಳುತ್ತಾರೆ, ಸುಳ್ಳು ಅಂಕಿಯನ್ನು ನಂಬಿ ಮುಂದೆ ಸಾಗುತ್ತಾರೆ.

ದುಡಿಮೆಯು ವಸ್ತುವನ್ನು ರೂಪಿಸುವಂತೆಯೇ ದುಡಿಯುವವರನ್ನೂ ರೂಪಿಸುತ್ತದೆ. ಪೋಲೆಂಡಿನ ಕರೋಲ್ ವೊಯ್ತಿವಾ ಎಂಬ ತರುಣನ ವಿಶ್ವವಿದ್ಯಾನಿಲಯವನ್ನು ನಾಜಿಗಳು 1939ರಲ್ಲಿ ಮುಚ್ಚಿಸಿದಾಗ, ಓದು ಅರ್ಧಕ್ಕೆ ನಿಂತು, ಆತ 1940ರಿಂದ ಸುಣ್ಣಕಲ್ಲಿನ ಗಣಿಯಲ್ಲಿ, ಬಳಿಕ ರಾಸಾಯನಿಕ ಕಾರ್ಖಾನೆಯಲ್ಲಿ ದುಡಿದ. ಮುಂದೆ ಜಗದ್ಗುರು ಎರಡನೇ ಜಾನ್ ಪಾಲ್ ಆದ ಅವರು, ಮಾನವ ದುಡಿಮೆಯನ್ನು ಕುರಿತು 1981ರಲ್ಲಿ ‘ಲಬೊರೆಮ್ ಎಕ್ಸರ್ಸೆನ್ಸ್’ ಎಂಬ ವಿಶ್ವಪತ್ರವನ್ನು ಹೊರಡಿಸಿದರು. ಕೆಲಸದ ಬೆಲೆಯನ್ನು ಮೊದಲು ಅಳೆಯಬೇಕಾದುದು ಅದರ ಉತ್ಪನ್ನದಿಂದಲ್ಲ, ಅದನ್ನು ಮಾಡುವ ಮನುಷ್ಯನ ಘನತೆಯಿಂದ ಎಂಬುದು ಅದರ ತಿರುಳು. ಈ ದೃಷ್ಟಿಯಿಂದ ನೋಡಿದರೆ ಮೊದಲ ಉದ್ಯೋಗದ ಮೊದಲ ವರುಷ ಬಹಳ ಮುಖ್ಯವಾದುದು. ಆಗ ಕೈಗೆ ಅಂಟಿದ ರೂಢಿ ಸಂಬಳ ಏರಿದ ಮಾತ್ರಕ್ಕೆ ಬಿಟ್ಟುಹೋಗುವುದಿಲ್ಲ.

ಇದರಲ್ಲಿ ಕುಟುಂಬದ ಪಾಲೂ ಇದೆ. ಹಬ್ಬಕ್ಕೆ ಊರಿಗೆ ಬಂದ ಮಕ್ಕಳನ್ನು ನಾವು ಕೇಳುವ ಮೊದಲ ಪ್ರಶ್ನೆ, ‘ಸಂಬಳ ಎಷ್ಟು?’ ಎರಡನೆಯದು, ‘ಕಾಯಂ ಆಯಿತೇ?’ ಈ ಎರಡನ್ನೇ ಕೇಳುತ್ತಿದ್ದರೆ, ನಮಗೆ ಬೇಕಾದುದು ಇಷ್ಟೇ ಎಂದು ಅವರು ತಿಳಿದುಕೊಳ್ಳುತ್ತಾರೆ. ಮನಸ್ಸನ್ನು ಕೊರೆಯುತ್ತಿರುವುದನ್ನು ಹೇಳದೆ ಹಿಂತಿರುಗುತ್ತಾರೆ. ‘ಅಲ್ಲಿ ನಿನ್ನ ಕೆಲಸವೇನು? ಅದನ್ನು ನಂಬಿಕೊಂಡಿರುವವರು ಯಾರು?’ ಎಂದೂ ಕೇಳೋಣ. ಸಾಲವಿರುವ ಮನೆಯಲ್ಲೂ ತಂದೆತಾಯಿ ಒಂದು ಭರವಸೆ ಕೊಡಬಲ್ಲರು: ‘ಸುಳ್ಳು ಬರೆಯಲಾರದೆ ಕೆಲಸ ಹೋದರೆ ಮನೆಗೆ ಬಾ, ಇನ್ನೊಂದು ಸಿಗುವವರೆಗೆ ಹೇಗಾದರೂ ನಿಭಾಯಿಸೋಣ.’ ಬಹುತೇಕ ಮಕ್ಕಳಿಗೆ ಆ ಭರವಸೆಯನ್ನು ಬಳಸುವ ಪ್ರಸಂಗ ಬರಲಾರದು. ಆದರೆ ಅದು ಬೆನ್ನಿಗಿದೆ ಎಂದು ತಿಳಿದವರು ಹಿರಿಯರ ಮುಂದೆ ನಿಂತು, ದನಿ ಏರಿಸದೆ, ‘ನೋಡಿ ಬರೆಯಲೇ?’ ಎಂದು ಕೇಳಬಲ್ಲರು.