ಇಲ್ಲ ಎನ್ನಲಾಗದವನ ಕರ್ತವ್ಯ

ಫಲದ ಆಸೆ ಬಿಟ್ಟು ದುಡಿ ಎಂಬ ಗೀತೆಯ ಬೋಧೆ ದುಡಿಯುವವನಿಗೆ ಹೇಳಿದ್ದು. ಅದನ್ನು ಸಂಬಳ ಕೊಡಬೇಕಾದವರು ತಮ್ಮ ಅನುಕೂಲಕ್ಕೆ ಬಳಸಿದರೆ ಧರ್ಮದ ಮಾತೇ ಅಧರ್ಮಕ್ಕೆ ಸಬೂಬಾಗುತ್ತದೆ. ಅರ್ಜುನ ಪ್ರಶ್ನೆಯ ಮೇಲೆ ಪ್ರಶ್ನೆ ಕೇಳಿದ; ಹೇಳುವುದನ್ನೆಲ್ಲ ಹೇಳಿ ಮುಗಿಸಿದ ಕೃಷ್ಣ ಕೊನೆಯಲ್ಲಿ ತೀರ್ಮಾನವನ್ನು ಅವನಿಗೇ ಬಿಟ್ಟ. ನಮ್ಮ ಶರಣರ ಕಾಯಕದಲ್ಲೂ ಹೀಗೆಯೇ. ಆಯ್ದಕ್ಕಿ ಮಾರಯ್ಯ ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ, ಅದನ್ನು ಹಿಂದಕ್ಕೆ ಸುರಿದು ಬಾ ಎಂದವಳು ಹೆಂಡತಿ ಲಕ್ಕಮ್ಮ. ಸಾಕು ಎಂಬ ಮಾತು ದುಡಿದು ತಿನ್ನುವ ಮನೆಯಿಂದಲೇ ಬಂತು. ಬೇಡ ಎನ್ನುವ ಅಧಿಕಾರ ಉಳ್ಳವನಿಗೆ ಮಾತ್ರ ಕರ್ತವ್ಯವನ್ನು ಬೋಧಿಸಬಹುದು ಎಂಬುದು ಇವೆರಡರಿಂದಲೂ ಹೊರಡುವ ತಾತ್ಪರ್ಯ.

ಗುರುಗ್ರಾಮ, ನೋಯ್ಡಾಗಳ ಕಟ್ಟಡ ಸೈಟುಗಳಲ್ಲಿ ಮ್ಯಾನ್‌ಪವರ್ ಏಜೆನ್ಸಿಯ ಮೂಲಕ ಬಂದ ಇಂಜಿನಿಯರನಿಗೆ ಈ ಅಧಿಕಾರವೇ ಇಲ್ಲ. ಹೆಲ್ಮೆಟ್ಟಿನ ಮೇಲೆ ಒಂದು ಕಂಪನಿಯ ಹೆಸರು, ಸಂಬಳದ ಚೀಟಿಯಲ್ಲಿ ಇನ್ನೊಂದರದು. ಸ್ಲ್ಯಾಬ್ ಹಾಕಲು ಶುರುಮಾಡಿದರೆ ನಡುವೆ ನಿಲ್ಲಿಸುವಂತಿಲ್ಲ. ಹಳೆಯ ಕಾಂಕ್ರೀಟ್ ಗಟ್ಟಿಯಾದ ಮೇಲೆ ಹೊಸದು ಬೆಸೆಯದೆ ಅಲ್ಲಿ ದುರ್ಬಲ ಕೀಲು ಉಳಿಯುತ್ತದೆ. ಹಾಗಾಗಿ ರಾತ್ರಿಯಿಡೀ ಅವನು ಅಲ್ಲೇ ನಿಂತಿರಬೇಕು, ಪರೀಕ್ಷೆಗೆ 150 ಮಿಲಿಮೀಟರಿನ ಕ್ಯೂಬ್‌ಗಳನ್ನು ತುಂಬಿಸಬೇಕು, ರಿಜಿಸ್ಟರಿಗೆ ಸಹಿ ಹಾಕಬೇಕು. ಆ ಕ್ಯೂಬಿನ ಫಲಿತಾಂಶ 28 ದಿನಕ್ಕೆ ಬರುವ ಹೊತ್ತಿಗೆ ಅವನ ಗುತ್ತಿಗೆಯೇ ಮುಗಿದಿರಬಹುದು. ಸಹಿ ಮಾತ್ರ ಉಳಿಯುತ್ತದೆ, ಅದರ ಹೊಣೆಯೂ.

2009ರ ಜುಲೈ 12ರಂದು ದೆಹಲಿಯ ಜಮ್ರುದ್‌ಪುರದಲ್ಲಿ ಕಟ್ಟುತ್ತಿದ್ದ ಮೆಟ್ರೊ ಸೇತುವೆ ಕುಸಿದು ಒಬ್ಬ ಇಂಜಿನಿಯರ್ ಸೇರಿ ಆರು ಮಂದಿ ಸತ್ತರು. ದೆಹಲಿ ಮೆಟ್ರೊದ ಮುಖ್ಯಸ್ಥ ಇ. ಶ್ರೀಧರನ್ ನೈತಿಕ ಹೊಣೆ ಹೊತ್ತು ರಾಜೀನಾಮೆ ಕೊಟ್ಟರು. ಮುಖ್ಯಮಂತ್ರಿ ಶೀಲಾ ದೀಕ್ಷಿತ್ ಅದನ್ನು ಒಪ್ಪಲಿಲ್ಲ. ಶ್ರೀಧರನ್ ಅವರ ನಡೆಗೆ ತೂಕ ಬಂದದ್ದು ಅವರ ಕೈಯಲ್ಲಿ ಅಧಿಕಾರವಿತ್ತು ಎಂಬುದರಿಂದ. ಅಧಿಕಾರವೇ ಇಲ್ಲದವನ ತಲೆಗೆ ಹೊಣೆ ಕಟ್ಟಿದರೆ ಅದು ಬರೀ ಬಲಿ.

ಇಂಜಿನಿಯರ್ ಓದಿದವನು, ಬೇಡವಾದರೆ ಬಿಟ್ಟು ಹೋಗಲಿ ಎನ್ನುವವರಿದ್ದಾರೆ. ಕಾನೂನಿನ ಧೋರಣೆಯೂ ಹೆಚ್ಚುಕಡಿಮೆ ಇದೇ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಲ್ಲೂ ತಿಂಗಳಿಗೆ 18,000 ರೂಪಾಯಿಗಿಂತ ಹೆಚ್ಚು ಪಡೆಯುವ ಮೇಲ್ವಿಚಾರಕ ಕಾರ್ಮಿಕನೆಂಬ ವ್ಯಾಖ್ಯೆಯ ಹೊರಗೆ ಉಳಿಯುತ್ತಾನೆ. ಕಾರ್ಮಿಕನಿಗೆ ಸಿಗುವ ಇಮ್ಮಡಿ ಓವರ್‌ಟೈಮ್ ಅವನಿಗೆ ಸಿಗುವ ಖಾತ್ರಿಯಿಲ್ಲ. ಆದರೆ ಮನೆ ಬಾಡಿಗೆ, ಊರಿನ ಸಾಲ ತಲೆಯ ಮೇಲಿರುವವನಿಗೆ ಬಿಟ್ಟು ಹೋಗುವ ಸ್ವಾತಂತ್ರ್ಯ ಕಾಗದದ್ದು. ಪ್ರಾಜೆಕ್ಟ್ ತಾತ್ಕಾಲಿಕ, ಕಾಯಂ ನೇಮಕ ಹೇಗೆ ಎಂಬ ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಏಜೆನ್ಸಿಗಳು ಬೇಕಾಗಬಹುದು, ಒಪ್ಪೋಣ. ಕೆಲಸ ತಾತ್ಕಾಲಿಕವಾದ ಮಾತ್ರಕ್ಕೆ ಮನುಷ್ಯನ ಮಾತಿಗೆ ಬೆಲೆಯಿಲ್ಲ ಎಂದಾಗದು. ದೆಹಲಿಯ ಹವೆ ಕೆಟ್ಟು ಕಟ್ಟಡ ಕೆಲಸ ನಿಲ್ಲಿಸಿದಾಗ ನೋಂದಾಯಿತ ಕಾರ್ಮಿಕರಿಗೆ ಭತ್ಯೆ ಕೊಡಬೇಕೆಂದು 2024ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ನಿಂತ ದಿನಕ್ಕೂ ಅನ್ನ ಬೇಕೆಂಬ ಆ ತತ್ವ ಇಂಜಿನಿಯರನಿಗೇಕೆ ಸಲ್ಲಬಾರದು?

ಗುತ್ತಿಗೆ ಪತ್ರದಲ್ಲಿ ಮೂರು ಸಾಲು ಸೇರಿದರೆ ಸಾಕು: ಅಪಾಯ ಕಂಡಾಗ ಕೆಲಸ ನಿಲ್ಲಿಸುವ ಹಕ್ಕು, ನಿಲ್ಲಿಸಿದ್ದಕ್ಕೆ ಕೆಲಸ ಹೋಗದೆಂಬ ಭರವಸೆ, ರಾತ್ರಿ ದುಡಿಮೆಗೆ ವೇತನ ಮತ್ತು ಮರುದಿನ ರಜೆ. ಇವನ್ನು ಬರೆದುಕೊಟ್ಟ ಮೇಲೆ ಮಾಲೀಕರು ನಿಷ್ಕಾಮ ಕರ್ಮದ ಬಗ್ಗೆ ಉಪದೇಶ ಮಾಡಲಿ.