ಸ್ಮಶಾನದಿಂದ ಎರಡು ಮೈಲಿ

ಡಬ್ಲ್ಯು. ಡಬ್ಲ್ಯು. ಜೇಕಬ್ಸ್ ತನ್ನ ಕಾಲದ ಓದುಗರನ್ನು ನಗಿಸಿ ಹೆಸರು ಮಾಡಿದವನು. ನಾವಿಕರ, ಹಡಗುಕಟ್ಟೆಯವರ ಪೇಚಾಟಗಳೇ ಅವನ ಬಂಡವಾಳ. ಅಂಥವನು 1902ರಲ್ಲಿ ‘ದಿ ಮಂಕೀಸ್ ಪಾ’ ಎಂಬ ಕತೆ ಬರೆದ. ಒಣಗಿದ ಕೋತಿಯ ಪಂಜ, ಮೂರು ವರ, ಒಬ್ಬ ಮಗನ ಸಾವು. ಪರೀಕ್ಷೆಗೆ ಓದುವವರು ಇದರ ಆಶಯವನ್ನು ಒಂದೇ ಸಾಲಿನಲ್ಲಿ ಮುಗಿಸುತ್ತಾರೆ: ವಿಧಿಯೊಡನೆ ಚೆಲ್ಲಾಟ ಬೇಡ. ಪಂಜವನ್ನು ಇಂಡಿಯಾದಿಂದ ತಂದ ಸಾರ್ಜೆಂಟ್ ಮೇಜರ್ ಮಾರಿಸ್ ಇದನ್ನು ಕತೆಯ ಶುರುವಿನಲ್ಲೇ ಹೇಳಿಬಿಡುತ್ತಾನೆ. ಮಂತ್ರ ಹಾಕಿದ ಫಕೀರನ ಉದ್ದೇಶವೇ ಅದಂತೆ. (ಮಾಟಮಂತ್ರ ಬೇಕಾದಾಗ ಆಗಿನ ಇಂಗ್ಲಿಷ್ ಕತೆಗಾರರಿಗೆ ನಮ್ಮ ಕಡೆಯ ಫಕೀರರು ಬಹಳ ಅಗ್ಗಕ್ಕೆ ಸಿಗುತ್ತಿದ್ದರು.) ಆಶಯ ಇಷ್ಟು ಸಲೀಸಾಗಿ ಕೈಗೆ ಸಿಕ್ಕ ಮೇಲೂ ಕತೆ ನಮ್ಮನ್ನು ಬಿಡುವುದಿಲ್ಲ. ನನ್ನ ಸೋಜಿಗ ಅದರ ಬಗ್ಗೆ.

ಮೊದಲ ವರ 200 ಪೌಂಡ್, ಮನೆಯ ಸಾಲ ತೀರಿಸಲು. ಮೊತ್ತ ಸೂಚಿಸಿದವನು ಮಗ ಹರ್ಬರ್ಟ್, ಅದೂ ತಮಾಷೆಗೆ. ಮರುದಿನ ಅವನು ಕಾರ್ಖಾನೆಯ ಯಂತ್ರಕ್ಕೆ ಸಿಕ್ಕಿ ಸಾಯುತ್ತಾನೆ. ಕಂಪನಿಯವರು ಕೊಡುವ ಹಣ 200 ಪೌಂಡ್. ಕಾಕತಾಳೀಯ ಎಂದುಕೊಳ್ಳುವವರು ಎಂದುಕೊಳ್ಳಬಹುದು, ಜೇಕಬ್ಸ್ ಅಡ್ಡ ಬರುವುದಿಲ್ಲ.

ಮಗನನ್ನು ಹೂಳುವ ಸ್ಮಶಾನ ಮನೆಯಿಂದ ಎರಡು ಮೈಲಿ ದೂರ. ಈ ಮಾತು ಎಷ್ಟು ಸಹಜವಾಗಿ ಬಂದುಹೋಗುತ್ತದೆಂದರೆ ನಾವು ಗಮನಿಸುವುದೇ ಇಲ್ಲ. ದಿನಗಳು ಕಳೆಯುತ್ತವೆ. ಒಂದು ರಾತ್ರಿ ತಾಯಿಯ ಹಟಕ್ಕೆ ಮಣಿದು ತಂದೆ ಎರಡನೆಯ ವರ ಕೇಳುತ್ತಾನೆ: ಮಗ ಮತ್ತೆ ಬದುಕಲಿ. ಏನೂ ಆಗುವುದಿಲ್ಲ. ಪಂಜ ಸುಳ್ಳೆಂಬ ಸಮಾಧಾನದಲ್ಲಿ ಅವನು ಹಾಸಿಗೆಗೆ ಮರಳುತ್ತಾನೆ. ಎಷ್ಟೋ ಹೊತ್ತಿನ ಮೇಲೆ ಬಾಗಿಲು ಬಡಿದ ಸದ್ದು. ಎರಡು ಮೈಲಿಯ ದಾರಿ ಎಂಬುದು ತನಗೆ ಮರೆತೇಹೋಗಿತ್ತಲ್ಲ ಎಂದು ತಾಯಿಗೆ ಆಗ ಹೊಳೆಯುತ್ತದೆ. ಸತ್ತವನನ್ನು ಎಬ್ಬಿಸಬಲ್ಲ ಪಂಜಕ್ಕೆ ಅವನ ನಡಿಗೆಯನ್ನು ತಪ್ಪಿಸಲಾಗಲಿಲ್ಲ. ಅವನು ಆ ಕತ್ತಲಲ್ಲಿ ಅಷ್ಟು ದೂರ ಕಾಲೆಳೆದುಕೊಂಡು ಬರಬೇಕಾಯಿತು. ಕತೆಯಲ್ಲಿ ಎಲ್ಲೂ ಬರೆಯದ ಈ ನಡಿಗೆಯನ್ನು ಓದುಗ ತಾನೇ ಲೆಕ್ಕ ಹಾಕಿ ನಡುಗುತ್ತಾನೆ. ಮೈಲಿ, ಗಂಟೆ, ಪೌಂಡುಗಳ ಇಂಥ ಅಂಗಡಿಲೆಕ್ಕದಿಂದ ಭಯ ಹುಟ್ಟಿಸಿದ್ದು ನನಗೆ ಮಂತ್ರಕ್ಕಿಂತ ದೊಡ್ಡ ಅಚ್ಚರಿ.

ಪಾತ್ರಗಳ ವಿಷಯಕ್ಕೆ ಬಂದರೆ, ತಾಯಿಯದು ಕುರುಡು ಮಮತೆ, ತಂದೆಯದು ವಿವೇಕ ಎಂದು ಬರೆದುಬಿಡುವುದುಂಟು. ನಾನು ಒಪ್ಪುವುದಿಲ್ಲ. ಅವರಿಬ್ಬರ ನಡುವಿನ ವ್ಯತ್ಯಾಸ ಸ್ವಭಾವದ್ದಲ್ಲ. ನಜ್ಜುಗುಜ್ಜಾದ ದೇಹವನ್ನು ತಂದೆ ಕಂಡಿದ್ದಾನೆ, ಬಟ್ಟೆಯಿಂದಷ್ಟೇ ಗುರುತು ಹಿಡಿದಿದ್ದಾನೆ. ತಾಯಿ ಕಂಡಿಲ್ಲ. ಅವಳ ಪಾಲಿಗೆ ಹೊರಗೆ ನಿಂತಿರುವವನು ಬೆಳಿಗ್ಗೆ ನಗುತ್ತ ಕೆಲಸಕ್ಕೆ ಹೋದ ಹುಡುಗ. ನಾವೂ ಕಂಡಿಲ್ಲವಾದ್ದರಿಂದ ಅವಳು ಮೇಲಿನ ಚಿಲಕ ಎಟುಕದೆ ಕುರ್ಚಿ ಎಳೆಯುವಾಗ ನಮ್ಮ ಕೈಯೂ ಚಿಲಕದತ್ತ ಚಾಚುತ್ತದೆ. ಅದೇ ಉಸಿರಿನಲ್ಲಿ, ನೆಲದ ಮೇಲೆ ಪಂಜಕ್ಕಾಗಿ ತಡಕಾಡುವ ಮುದುಕನಿಗೆ ಅದು ಬೇಗ ಸಿಗಲಿ ಎಂದೂ ಬೇಡುತ್ತೇವೆ.

ಪಂಜ ಸಿಗುತ್ತದೆ. ಮೂರನೆಯ ವರವನ್ನು ಅವನು ಯಾವ ಮಾತಿನಲ್ಲಿ ಕೇಳಿದನೋ ಜೇಕಬ್ಸ್ ಬರೆಯಲಿಲ್ಲ. ಬಡಿತ ನಿಲ್ಲುತ್ತದೆ, ಬಾಗಿಲು ತೆರೆದ ತಾಯಿ ಚೀರಿ ಅಳುತ್ತಾಳೆ, ಕತೆ ಅಲ್ಲಿಗೇ ಮುಗಿಯುತ್ತದೆ. ಆ 200 ಪೌಂಡಿನಿಂದ ಮನೆಯ ಸಾಲ ತೀರಬಹುದು. ಆ ಮನೆಯಲ್ಲೇ ಇನ್ನು ಇಬ್ಬರೂ ಬಾಳಬೇಕು. ತಾನು ಕೇಳಿದ್ದೇನೆಂದು ಅವನು ಅವಳಿಗೆ ಎಂದಾದರೂ ಹೇಳಿದನೆ?